ಅವರಿಗೆ ಟಿಕೆಟ್ಟು, ನಮಗೆ ಕೇಸು



2024ರ ಜನವರಿ 26ರ ರಜೆಯಲ್ಲಿ ಕುಮಾರಪರ್ವತ ಹತ್ತಲು ಕುಕ್ಕೆ ಸುಬ್ರಹ್ಮಣ್ಯಕ್ಕೆ ಬಂದು ಬಿದ್ದ ಜನರ ಫೋಟೋ ನೀವೆಲ್ಲ ನೋಡಿದ್ದೀರಿ. ಚಂಪಾಷಷ್ಠಿಯ ತೇರೇ ಬೆಟ್ಟ ಹತ್ತುತ್ತಿದೆಯೋ ಅನ್ನುವ ಹಾಗಿತ್ತು ಆ ಸಾಲು. ಬಸ್ಸು, ಊಟ, ಗೈಡು ಎಲ್ಲ ಸೇರಿಸಿ ತಲೆಗೆ ಇಷ್ಟು ಅಂತ ವಸೂಲು ಮಾಡುವುದು ಬೆಂಗಳೂರಿನ ಚಾರಣ ಕಂಪನಿಗಳ ದಂಧೆ. ಫೋಟೋ ನೋಡಿ ಗಾಬರಿಯಾದ ಸರ್ಕಾರ, ಆನ್‌ಲೈನ್ ಬುಕ್ಕಿಂಗ್ ಇಲ್ಲದ ಕಾಡುದಾರಿಗಳಲ್ಲಿ ಚಾರಣ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಜಾಲತಾಣ ತೆರೆದು, ದಿನಕ್ಕೆ 300 ಮಂದಿ ಅಂತ ಮಿತಿ ಹಾಕಿ ಟಿಕೆಟ್ಟು ಮಾರಲು ಕೂತಿತು. ಮಿತಿ ಹಾಕಿದ್ದು ಒಳ್ಳೆಯದೇ. ಅದಕ್ಕೆ ನಮ್ಮ ತಕರಾರು ಇಲ್ಲ. ಆದರೆ ಟಿಕೆಟ್ಟು ಮಾರುವವನನ್ನು ಒಂದು ಮಾತು ಕೇಳಬೇಕು: ಸ್ವಾಮಿ, ಈ ಕಾಡು ಯಾರದ್ದು?

'ಸಂರಕ್ಷಿತ ಅರಣ್ಯ' ಅಂತ ಬೋರ್ಡು ಉಂಟು. ಯಾರಿಂದ ಸಂರಕ್ಷಣೆ? ಕಟ್ಟಿಗೆ ಹೊರೆ ಹೊತ್ತ ಹೆಂಗಸಿನಿಂದ. ಸೊಪ್ಪು ತರುವ ಮುದುಕನಿಂದ. ಒಂದು ಬಿದಿರು ಕಡಿದವನ ಮೇಲೆ 1963ರ ಅರಣ್ಯ ಕಾಯಿದೆ ಹಾಕುತ್ತಾರೆ, ಕತ್ತಿಯನ್ನೂ ಕಿತ್ತುಕೊಳ್ಳುತ್ತಾರೆ. ದುಡ್ಡು ಕಟ್ಟಿದವನಿಗೆ ಅದೇ ಗೇಟು ಅಗಲವಾಗಿ ತೆರೆಯುತ್ತದೆ. ಅವನ ಪ್ಲಾಸ್ಟಿಕ್ ಬಾಟಲಿಯಿಂದ ಕಾಡು ಕೆಡುವುದಿಲ್ಲ, ನಮ್ಮ ಕತ್ತಿಯಿಂದ ಕೆಡುತ್ತದೆ!

ಕುಕ್ಕೆಯ ತೇರನ್ನೇ ನೋಡಿ. ಬ್ರಹ್ಮರಥಕ್ಕೆ ಬೆತ್ತ ತಂದು ಕಟ್ಟುವವರು ಮಲೆಕುಡಿಯರು. ತೇರು ಎಳೆದಾದ ಮೇಲೆ ಆ ಬೆತ್ತದ ತುಂಡನ್ನು ಭಕ್ತರು ಪ್ರಸಾದ ಅಂತ ಮನೆಗೆ ಒಯ್ಯುತ್ತಾರೆ. ದೇವರಿಗೆ ತಂದಾಗ ಪ್ರಸಾದವಾಗುವ ಬೆತ್ತ, ಅದೇ ಕೈ ಹೊಟ್ಟೆಪಾಡಿಗೆ ತಂದಾಗ ಕಳವು ಮಾಲು. 2006ರ ಅರಣ್ಯ ಹಕ್ಕು ಕಾಯಿದೆಯನ್ನು ಬಿಡಿಸಿ ಓದಿ: ಬಿದಿರು, ಬೆತ್ತ ಎರಡರ ಹೆಸರನ್ನೂ ಕಿರು ಅರಣ್ಯ ಉತ್ಪನ್ನದ ಪಟ್ಟಿಯಲ್ಲಿ ಬರೆದಿದೆ. ಅದು ಹಕ್ಕು, ಗಾರ್ಡಿನ ದಯೆ ಅಲ್ಲ. ರಾಜ್ಯದಲ್ಲಿ ಈ ಕಾಯಿದೆಯ ಕೆಳಗೆ ಬಿದ್ದ ಸುಮಾರು 3 ಲಕ್ಷ ಅರ್ಜಿಗಳಲ್ಲಿ ಹಕ್ಕುಪತ್ರ ಆದದ್ದು 20 ಸಾವಿರ ಮುಟ್ಟಿಲ್ಲ. ಬಹುಪಾಲು ಅರ್ಜಿಗಳ ಮೇಲೆ 'ತಿರಸ್ಕೃತ' ಅಂತ ಷರಾ.

ನಮ್ಮ ಮೊಗೇರ, ಆದಿದ್ರಾವಿಡ, ಮುಂಡಾಲರ ಗತಿ ಇನ್ನೂ ಮೋಜಿನದು. ಪರಿಶಿಷ್ಟ ಪಂಗಡ ಅಲ್ಲದವರು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ 75 ವರ್ಷ ಕಾಡಿನ ಆಸರೆಯಲ್ಲಿ ಬದುಕಿದ್ದಕ್ಕೆ ಸಾಕ್ಷಿ ಕೊಡಬೇಕು. ಅಜ್ಜ ಯಾರದೋ ವರ್ಗ ಜಾಗದಲ್ಲಿ ಮೂಲದಾಳು. ಅವನ ಹೆಸರು ಯಾವ ಪಟ್ಟೆಯಲ್ಲಿ ಬರೆದಾರು? ಧಣಿಯ ಹೆಸರು ಉಂಟು, ಧಣಿಯ ಅಡಿಕೆ ಮರದ ಲೆಕ್ಕವೂ ಉಂಟು, ಮರಕ್ಕೆ ಹತ್ತಿದವನ ಹೆಸರು ಇಲ್ಲ. ಹಾಗಂತ ಕೈಚೆಲ್ಲಿ ಕೂರಬೇಡಿ. ಅರ್ಜಿದಾರನಲ್ಲದ ಊರ ಹಿರಿಯರು ಹೇಳಿದ್ದನ್ನು ಬರೆದಿಟ್ಟರೆ ಅದೂ ಸಾಕ್ಷಿ ಅಂತ ಅದೇ ಕಾಯಿದೆಯ ನಿಯಮ ಹೇಳುತ್ತದೆ. ಇದನ್ನು ಯಾವ ಕಚೇರಿಯವನೂ ತಾನಾಗಿ ನಮಗೆ ಹೇಳುವುದಿಲ್ಲ.

ಇನ್ನು ಡಿ.ಸಿ. ಮನ್ನಾ. ಮದ್ರಾಸು ಸರ್ಕಾರದ ಕಾಲದಲ್ಲಿ ನಮ್ಮ ಜನಕ್ಕೆ ಅಂತಲೇ ಮೀಸಲಿಟ್ಟ ಜಾಗ. ಪುತ್ತೂರು, ಸುಳ್ಯ, ಕಡಬದಲ್ಲಿ ಅದನ್ನು ಹಂಚಿ ಅಂತ ದಲಿತ ಸಂಘಟನೆಗಳು ಧರಣಿ ಕೂತದ್ದಕ್ಕೆ ಲೆಕ್ಕ ಇಲ್ಲ. ಅತ್ತ ವರ್ಗದಾರನಿಗೆ ಪಕ್ಕದ 450 ಗಜ ಸರ್ಕಾರಿ ಜಾಗದ ಮೇಲೆ ಕುಮ್ಕಿ ಅಂತ ಸವಲತ್ತು. ಅದೂ ಮದ್ರಾಸು ಕಾಲದ್ದೇ. ಕುಮ್ಕಿ ಎಲ್ಲರಿಗೂ ನೆನಪುಂಟು, ಮನ್ನಾ ಮಾತ್ರ ಮರೆತುಹೋಗಿದೆ. ಹುಡುಕಲು ಹೋದರೆ ಇಲ್ಲಿ ಒತ್ತುವರಿ, ಅಲ್ಲಿ 'ಅರಣ್ಯ ಅಂತ ಆಗಿದೆ'. ನಮಗೆ 5 ಸೆಂಟ್ಸ್ ಕೊಡಲು ಅಡ್ಡ ಬರುವ ಅರಣ್ಯ, ಪ್ರವಾಸೋದ್ಯಮಕ್ಕೆ ಅಡ್ಡ ಬರುವುದಿಲ್ಲ.

ರಬ್ಬರಿಗೂ ಅಡ್ಡ ಬರಲಿಲ್ಲ. ಸುಳ್ಯದ ಕಡೆ ಕಾಡು ಬೋಳಿಸಿ ರಬ್ಬರು ಹಾಕಿದ್ದು ಸರ್ಕಾರವೇ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಸಿಲೋನಿನಿಂದ ಬಂದ ತಮಿಳು ಕೂಲಿಗಳನ್ನು ಅಲ್ಲಿ ಹಾಲು ಇಳಿಸಲು ನಿಲ್ಲಿಸಿದರು. ಅವರಲ್ಲೂ ನಮ್ಮವರೇ ಹೆಚ್ಚು. ಅದರ ಕತೆ ಬೇರೆಯೇ ಬರೆಯಬೇಕು.

ಸರ್ಕಾರ ಕಂಪನಿಗೆ ಕಾಡು ಕೊಟ್ಟರೆ ಏನು ಮಾಡಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಪಾಠ ಉಂಟು. ನಾಗರಹೊಳೆಯ ಒಳಗಿನಿಂದ 1970ರ ದಶಕದಿಂದಲೇ ಜೇನುಕುರುಬ, ಬೆಟ್ಟಕುರುಬ, ಯರವರನ್ನು ಪ್ರಾಣಿಗಳ ಹೆಸರಲ್ಲಿ ಹೊರಗೆ ಹಾಕಿದರು. ಅದೇ ಕಾಡಿನ ಮುರ್ಕಲ್‌ನಲ್ಲಿ 1990ರ ದಶಕದಲ್ಲಿ ತಾಜ್ ಗುಂಪಿನ ಹೋಟೆಲು ಕಂಪನಿಗೆ ಗುತ್ತಿಗೆ! ಗುಡಿಸಲು ಇದ್ದರೆ ಹುಲಿ ಬೆದರುತ್ತದಂತೆ, ಹೋಟೆಲು ಇದ್ದರೆ ಬೆದರುವುದಿಲ್ಲವಂತೆ. ಆದಿವಾಸಿಗಳು ಸುಮ್ಮನಿರಲಿಲ್ಲ. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಬೀದಿಯಲ್ಲೂ ಹೋರಾಡಿತು, ಹೈಕೋರ್ಟಿಗೂ ಹೋಯಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆಯಂತೆ ಕೇಂದ್ರದ ಒಪ್ಪಿಗೆ ಇಲ್ಲದೆ ಕೊಟ್ಟ ಆ ಗುತ್ತಿಗೆ ಕಾನೂನಿಗೆ ವಿರುದ್ಧ ಅಂತ 1997ರಲ್ಲಿ ತೀರ್ಪು ಬಂತು. ಕೂಲಿ ಮಾಡುವ ಜನ ದೊಡ್ಡ ಹೋಟೆಲನ್ನು ಕಾಡಿನಿಂದ ಹೊರಗೆ ಕಳಿಸಿದರು.

ಆ ಕಾಯಿದೆಗೇ 2023ರಲ್ಲಿ ತಿದ್ದುಪಡಿ ಆಯಿತು. ಅರಣ್ಯ ಇಲಾಖೆಯ ಕಾರ್ಯಯೋಜನೆಯಲ್ಲೋ ವನ್ಯಜೀವಿ ಯೋಜನೆಯಲ್ಲೋ ಸೇರಿಸಿದ 'ಪರಿಸರ ಪ್ರವಾಸೋದ್ಯಮ ಸೌಲಭ್ಯ' ಇನ್ನು ಅರಣ್ಯೇತರ ಕೆಲಸ ಅಲ್ಲವಂತೆ. ಖಾಸಗಿಗೆ ಗುತ್ತಿಗೆ ಕೊಡಲು ಕೇಂದ್ರದ ಷರತ್ತು ಈಗಲೂ ಉಂಟು, ನಿಜ. ಆದರೆ ನಾಗರಹೊಳೆಯವರು ಹಾಕಿದ ಅಗಳಿಯನ್ನು ಅರ್ಧ ಸಡಿಲಿಸಿ ಆಯಿತು. ಸೌಲಭ್ಯ ಅಂದರೆ ಎಂತದ್ದು? ಡೇರೆಯೋ, ಕಾಟೇಜೋ, ರೋಪ್‌ವೇಯೋ? ಕಾಯಿದೆ ಬಿಡಿಸಿ ಹೇಳುವುದಿಲ್ಲ. ಕುಮಾರಪರ್ವತ ಇರುವ ಪುಷ್ಪಗಿರಿ ಅಭಯಾರಣ್ಯ 1987ರಿಂದ ಕಾನೂನಿನ ಬೇಲಿಯೊಳಗೆ ಉಂಟು. ನಾಳೆ ಆ ಬೇಲಿಯೊಳಗೆ ಯಾರ ಬೋರ್ಡು ಏಳುತ್ತದೆಂದು ಬೆಟ್ಟದ ಬುಡದಲ್ಲಿರುವ ನಮ್ಮನ್ನು ಯಾರೂ ಕೇಳುವುದಿಲ್ಲ. ಆನೆ ಬಂದಾಗ ಮಾತ್ರ ನಾವು ಬೇಕು. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಕಾಡಾನೆಗೆ ಬಲಿಯಾದ ಇಬ್ಬರೂ ಚಾರಣಕ್ಕೆ ಬಂದವರಲ್ಲ.

"ನಿಮ್ಮ ಹುಡುಗರಿಗೆ ಕೆಲಸ ಸಿಗುತ್ತದಲ್ಲಾ ಮಾರಾಯ್ರೆ" ಅಂತಾರೆ. ಸಿಗುತ್ತದೆ. ಗೈಡು ಆದವರು, ಜೀಪು ಓಡಿಸುವವರು ನಮ್ಮಲ್ಲೂ ಇದ್ದಾರೆ, ಅವರ ಅನ್ನಕ್ಕೆ ನಾವು ಮಣ್ಣು ಹಾಕುವುದಿಲ್ಲ. ಹಾಸ್ಟೆಲಿನ ನಮ್ಮ ಹುಡುಗರೂ ಬೆಟ್ಟ ಹತ್ತಿ ಬರಲಿ, ಹತ್ತುವುದು ತಪ್ಪಲ್ಲ. ಆದರೆ ಲೈಸೆನ್ಸು ಒಬ್ಬನ ಹೆಸರಲ್ಲಿ, ಹೊರೆ ಇನ್ನೊಬ್ಬನ ತಲೆ ಮೇಲೆ ಅನ್ನುವುದು ಮೂಲದಾಳಿನ ಹಳೆಯ ಲೆಕ್ಕವೇ. ಧಣಿ ಬದಲಾದ, ಅಷ್ಟೆ. ಅವರು ಬಿಸಾಡಿದ ಬಾಟಲಿ ಹೆಕ್ಕಲು ಯಾವ ಜಾತಿಯವರನ್ನು ಕರೆಯುತ್ತಾರೆ, ನಿಮಗೆ ಹೇಳಿಕೊಡಬೇಕಾ?

ನಮ್ಮ ಮಾತು ಇಷ್ಟೆ. ಹಕ್ಕಿನ ಅರ್ಜಿಗಳು, ಡಿ.ಸಿ. ಮನ್ನಾ ಜಾಗದ ಅಳತೆ ತೀರ್ಮಾನ ಆಗುವ ತನಕ ಈ ಮೂರು ತಾಲೂಕುಗಳ ಕಾಡಿನಲ್ಲಿ ಯಾವ ಕಂಪನಿಗೂ ಲೈಸೆನ್ಸು ಕೊಡಕೂಡದು. ಆ ಮೇಲೂ ಕೊಡುವುದಿದ್ದರೆ ಗ್ರಾಮಸಭೆ ಕೂತು, ಮಲೆಕುಡಿಯರೂ ನಮ್ಮವರೂ ಕೈ ಎತ್ತಿದ ಮೇಲೆ. ಟಿಕೆಟ್ಟಿನ ದುಡ್ಡೂ ಮೊದಲು ಆ ಸಭೆಯ ಪೆಟ್ಟಿಗೆಗೆ ಬೀಳಬೇಕು.

ಈ ಸಲ ರಜೆಗೆ ಊರಿಗೆ ಹೋಗುವವರು ಒಂದು ನೋಟ್‌ಬುಕ್ಕು ಹಿಡಿದುಕೊಂಡು ಹೋಗಿ. ನಿಮ್ಮ ಗ್ರಾಮದಲ್ಲಿ ಅರಣ್ಯ ಹಕ್ಕು ಸಮಿತಿ ಆಗಿದೆಯಾ, ಅದರಲ್ಲಿ ನಮ್ಮವರು ಯಾರಿದ್ದಾರೆ ಕೇಳಿ. ಅರ್ಜಿ ತಿರಸ್ಕಾರ ಆಗಿದ್ದರೆ ಕಾರಣ ಬರೆದು ಕೊಟ್ಟಿದ್ದಾರಾ ನೋಡಿ. ಗ್ರಾಮಸಭೆಯ ತೀರ್ಮಾನದ ಮೇಲೆ 60 ದಿನದೊಳಗೆ ಪುತ್ತೂರಿನ ಎ.ಸಿ. ಅಧ್ಯಕ್ಷರಾಗಿರುವ ಉಪವಿಭಾಗ ಸಮಿತಿಗೆ ಹೋಗಬಹುದು. ಡಿ.ಸಿ. ಮನ್ನಾದ ಸರ್ವೆ ನಂಬರುಗಳಿಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅಜ್ಜಿ ಬದುಕಿದ್ದರೆ ಕೂರಿಸಿ ಕೇಳಿ: ಯಾವ ತೋಡಿನ ಬದಿಯಲ್ಲಿ ಗುಡಿಸಲಿತ್ತು, ಯಾವ ಗುಡ್ಡೆಯಿಂದ ಸೊಪ್ಪು ತರುತ್ತಿದ್ದರು, ಯಾವ ವರ್ಷ ಎಬ್ಬಿಸಿದರು. ಅವರು ತುಳುವಿನಲ್ಲಿ ಹೇಳಿದ್ದನ್ನು ಹಾಗೇ ಬರೆದು, ಹೆಬ್ಬೆಟ್ಟು ಒತ್ತಿಸಿ ತನ್ನಿ. ಮುಂದಿನ ಸಭೆಯಲ್ಲಿ ಒಂದೊಂದಾಗಿ ಓದುವ.