ಮಧುಮೇಹವುಳ್ಳ ನಾಯಿಗೆ ಕೊಡತಕ್ಕ ತಿನಿಸು

ಮನೆಯನ್ನೂ ಕಣವನ್ನೂ ಹಗಲಿರುಳು ಕಾಯುವ ನಾಯಿಗೆ ಯಜಮಾನನು ಹಬ್ಬದ ದಿನ ಒಂದು ಹೋಳಿಗೆಯ ತುಂಡನ್ನೋ, ಆಲೆಮನೆಯಲ್ಲಿ ಒಂದು ಬೆಲ್ಲದ ಚೂರನ್ನೋ ಕೊಡುವುದು ನಮ್ಮ ಹಳ್ಳಿಗಳ ರೂಢಿಯಾಗಿದೆ. ಇದು ಪ್ರೀತಿಯ ಕುರುಹೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ನಾಯಿಗೆ ಮಧುಮೇಹವು, ಎಂದರೆ ಸಿಹಿಮೂತ್ರದ ರೋಗವು, ತಗುಲಿದ್ದ ಪಕ್ಷದಲ್ಲಿ ಅದೇ ಪ್ರೀತಿಯು ಕೇಡಿಗೆ ಕಾರಣವಾಗುವುದು.

ನಾಯಿಗೂ ಪಥ್ಯವೇ ಎಂದು ಕೆಲವರು ನಗಬಹುದು. ಅಂಥವರು ಒಂದು ಸಂಗತಿಯನ್ನು ನೆನೆಯತಕ್ಕದ್ದು. ಮೇದೋಜೀರಕ ಗ್ರಂಥಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು 1889ರಲ್ಲಿ ಮಿಂಕೋವ್ಸ್ಕಿ ಮತ್ತು ಮೇರಿಂಗ್ ಎಂಬ ವಿದ್ವಾಂಸರು ಕಂಡುಕೊಂಡುದು ನಾಯಿಯಲ್ಲಿ. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನಿನ ಗುಣವನ್ನು ಪರೀಕ್ಷಿಸಿದುದೂ ನಾಯಿಗಳಲ್ಲಿಯೇ. ಆ ಔಷಧದಿಂದ ಇಂದು ಬದುಕಿರುವ ಮನುಷ್ಯರೆಲ್ಲರೂ ಈ ಪ್ರಾಣಿಗೆ ಋಣಿಗಳು.

ನಾಯಿಯು ಅತಿಯಾಗಿ ನೀರು ಕುಡಿಯುವುದು, ಪದೇಪದೇ ಮೂತ್ರ ಮಾಡುವುದು, ಹೊಟ್ಟೆ ತುಂಬ ತಿಂದರೂ ಸೊರಗುವುದು, ಕಣ್ಣಿಗೆ ಪೊರೆ ಬರುವುದು, ಇವು ರೋಗದ ಲಕ್ಷಣಗಳು. ಇವನ್ನು ಕಂಡೊಡನೆ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು. ಸಾಮಾನ್ಯವಾಗಿ ದಿನಕ್ಕೆ ಎರಡಾವರ್ತಿ, ಗೊತ್ತಾದ ಹೊತ್ತಿನಲ್ಲಿ ಆಹಾರವನ್ನಿತ್ತು ಇನ್ಸುಲಿನ್ ಚುಚ್ಚಬೇಕಾಗುವುದು. ಔಷಧದ ಅಳತೆಯನ್ನು ಆಹಾರದ ಅಳತೆಗೆ ಹೊಂದಿಸಿರುವುದರಿಂದ, ಲೆಕ್ಕಕ್ಕೆ ಬಾರದ ಒಂದೊಂದು ತುತ್ತೂ ಆ ಏರ್ಪಾಡನ್ನು ಕೆಡಿಸುವುದು.

ಹಾಗೆಂದು ನಾಯಿಗೆ ಏನನ್ನೂ ಕೊಡಬಾರದೆಂದು ನಮ್ಮ ಅಭಿಪ್ರಾಯವಲ್ಲ. ಉಪ್ಪು, ಖಾರ, ಎಣ್ಣೆ ಸೋಕದಂತೆ ಬೇಯಿಸಿದ, ಎಲುಬು ಮತ್ತು ಕೊಬ್ಬಿಲ್ಲದ ಕೋಳಿಯ ಮಾಂಸದ ಚೂರು, ಬೇಯಿಸಿದ ಮೊಟ್ಟೆಯ ತುಣುಕು, ಬೇಯಿಸಿದ ಹುರುಳಿಕಾಯಿ, ಎಳೆಯ ಸೌತೆಕಾಯಿಯ ಹೋಳು, ಇವು ಹಿತವಾದ ತಿನಿಸುಗಳು. ಮಾಂಸ ತಿನ್ನದ ಮನೆಗಳಲ್ಲಿ ಸೌತೆಕಾಯಿ, ಹುರುಳಿಕಾಯಿಗಳೇ ಸಾಕು. ತಿನಿಸುಗಳೆಲ್ಲವೂ ಸೇರಿ ದಿನದ ಆಹಾರಶಕ್ತಿಯ ಹತ್ತನೆಯ ಒಂದು ಪಾಲನ್ನು ಮೀರಬಾರದು. ಹೊತ್ತಲ್ಲದ ಹೊತ್ತಿನಲ್ಲಿ ಕೊಡುವುದಕ್ಕಿಂತ ಊಟದೊಡನೆ ಕೊಡುವುದು ಲೇಸು.

ಬೆಲ್ಲ, ಸಕ್ಕರೆ, ಮಿಠಾಯಿ, ಬಿಸ್ಕತ್ತು, ಮಾಗಿದ ಬಾಳೆ, ಮಾವು, ಸಪೋಟ, ಇವು ಸಿಹಿಯಿಂದ ಅಹಿತ. ಕರಿದ ತಿಂಡಿಯೂ ಕೊಬ್ಬೂ ಮೇದೋಜೀರಕವನ್ನು ಕೆರಳಿಸುವುವು. ದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ರೋಗವಿಲ್ಲದ ನಾಯಿಗೂ ವಿಷ. ಸಕ್ಕರೆಯಿಲ್ಲವೆಂಬ ಹೆಸರಿನಿಂದ ಅಂಗಡಿಯಲ್ಲಿ ಮಾರುವ ಮಿಠಾಯಿಯನ್ನು ನಂಬಿ ಮೋಸಹೋಗಬಾರದು. ಅಂಥ ಕೆಲವಲ್ಲಿ ಬೆರೆತಿರುವ ಕ್ಸೈಲಿಟಾಲ್ ಎಂಬ ವಸ್ತುವು ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಗೇ ಇಳಿಸಿ ಯಕೃತ್ತನ್ನು ಕೆಡಿಸಿ ಪ್ರಾಣಕ್ಕೇ ಅಪಾಯ ತರುವುದು.

ಬೆಲ್ಲಕ್ಕೂ ಒಂದು ಸಮಯವುಂಟು. ಇನ್ಸುಲಿನ್ ಹೆಚ್ಚಾಗಿಯೋ, ಊಟ ತಪ್ಪಿಯೋ ರಕ್ತದ ಸಕ್ಕರೆ ತೀರ ಇಳಿದರೆ ನಾಯಿಯು ತೂರಾಡುವುದು, ನಡುಗುವುದು, ಮೂರ್ಛೆ ಹೋಗುವುದು. ಆಗ ಜೇನುತುಪ್ಪವನ್ನೋ ಬೆಲ್ಲದ ಪಾಕವನ್ನೋ ವಸಡಿಗೆ ಸವರಿ ಕೂಡಲೇ ವೈದ್ಯರಲ್ಲಿಗೆ ಒಯ್ಯತಕ್ಕದ್ದು. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ಏನನ್ನೂ ಹೊಯ್ಯಲಾಗದು.

ಪಥ್ಯವು ಕೆಡುವುದು ಬಹುಮಟ್ಟಿಗೆ ಯಜಮಾನನಿಂದಲ್ಲ. ಮಕ್ಕಳು, ಆಳುಗಳು, ಬಂದ ನೆಂಟರು, ನೆರೆಹೊರೆಯವರು ತಿಳಿಯದೆ ತುತ್ತಿಕ್ಕುವರು. ಆದುದರಿಂದ ನಾಯಿಯ ದಿನದ ತಿನಿಸನ್ನು ಬೆಳಿಗ್ಗೆಯೇ ಒಂದು ಡಬ್ಬಿಯಲ್ಲಿ ಅಳೆದಿಟ್ಟು, ಕೊಡುವವರು ಯಾರೇ ಆಗಲಿ ಅದರಿಂದಲೇ ಕೊಡಬೇಕೆಂದು ಮನೆಯಲ್ಲಿ ಕಟ್ಟುಮಾಡಬೇಕು. ಒಡೆಯನ ಕೈಯಿಂದ ಬಂದ ಸೌತೆಕಾಯಿಯ ಹೋಳಿಗೂ ನಾಯಿಯು ಬಾಲವಾಡಿಸುವುದು. ಗ್ರಾಮದ ಮುಖಂಡರೂ ಭೂಮಾಲೀಕರೂ ತಮ್ಮ ಮನೆಗಳಲ್ಲಿ ಇದನ್ನು ಮೊದಲು ನಡೆಸಿ ತೋರಿಸಿದರೆ ಊರಿನವರು ಅನುಸರಿಸುವರೆಂದು ನಂಬಿದ್ದೇವೆ.