ರೇಡಿಯಂ ಹುಡುಗಿಯರು ಮತ್ತು ನಮ್ಮ ಕಲ್ಲುಪುಡಿ

ಕಳೆದ ತಿಂಗಳು ಗುಬ್ಬಿ ಬಸ್‌ಸ್ಟ್ಯಾಂಡ್ ಹತ್ತಿರ ಬೈಕಿಗೆ ಸ್ಟಿಕ್ಕರ್ ಹಾಕಿಸಿದೆ. ಅಂಗಡಿ ಹುಡುಗ ‘ರೇಡಿಯಂದೇ ಹಾಕ್ಲಾ ಅಣ್ಣ?’ ಅಂದ. ಹಾಕು ಅಂದೆ. ಅದರಲ್ಲಿ ರೇಡಿಯಂ ಇರುವುದಿಲ್ಲ, ಬಿದ್ದ ಬೆಳಕನ್ನು ವಾಪಸು ಕಳಿಸುವ ಪ್ಲಾಸ್ಟಿಕ್ ಹಾಳೆ ಅಷ್ಟೆ. ಕತ್ತಲಲ್ಲಿ ಹೊಳೆಯುವುದೆಲ್ಲ ನಮಗೆ ರೇಡಿಯಂ. ಆ ಪದ ನಮ್ಮೂರಿಗೆ ಬರುವಾಗ ಹೊಳಪನ್ನಷ್ಟೇ ತಂದಿತು, ವಿಷವನ್ನು ದಾರಿಯಲ್ಲೇ ಬಿಟ್ಟಿತು.

ಈ ಮಾತು ನೆನಪಾಗಲು ಕಾರಣ ನಮ್ಮ ಓದುಗರ ಗುಂಪು. ಕೇಟ್ ಮೂರ್ ಅವರ ‘ದಿ ರೇಡಿಯಂ ಗರ್ಲ್ಸ್’ ಬಗ್ಗೆ ಒಂದು ಸಂಜೆ ಮಾತಾಡಿದೆವು. ಒಬ್ಬರು ಕಣ್ಣೊರೆಸಿಕೊಂಡರು. ಇನ್ನೊಬ್ಬರು ‘ಸದ್ಯ, ನಮ್ಮಲ್ಲಿ ಇಂಥದ್ದಾಗಲಿಲ್ಲ’ ಎಂದರು. ನನ್ನ ಜಗಳ ಈ ‘ಸದ್ಯ’ದ ಜೊತೆ.

ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಊರಿನಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಹರೆಯದ ಹುಡುಗಿಯರು ವಾಚಿನ ಡಯಲ್ ಮೇಲೆ ರೇಡಿಯಂ ಬಣ್ಣದ ಅಂಕಿ ಬರೆಯುತ್ತಿದ್ದರು. ಕುಂಚದ ತುದಿ ಸೂಜಿಯಂತಿರಬೇಕು, ಅದಕ್ಕೆ ತುಟಿಗಿಟ್ಟು ಚೂಪು ಮಾಡಬೇಕು. ಹಾಗೆ ಮಾಡುವುದನ್ನು ಕೆಲಸಕ್ಕೆ ಸೇರಿದಾಗಲೇ ಕಲಿಸುತ್ತಿದ್ದರು. ಅಪಾಯವಿಲ್ಲ ಎಂದೂ ಹೇಳುತ್ತಿದ್ದರು. ಅದೇ ಕಂಪನಿಯ ಪ್ರಯೋಗಾಲಯದವರು ಸೀಸದ ತಡೆಯ ಹಿಂದೆ ನಿಂತು ಇಕ್ಕುಳದಲ್ಲಿ ಅದನ್ನು ಮುಟ್ಟುತ್ತಿದ್ದರು. ರೇಡಿಯಂ ದೇಹದೊಳಗೆ ಕ್ಯಾಲ್ಸಿಯಂ ಥರ ವರ್ತಿಸುತ್ತದೆ. ನೇರ ಮೂಳೆಗೆ ಹೋಗಿ ಕೂರುತ್ತದೆ.

ಮಾಲಿ ಮ್ಯಾಗಿಯಾಳ ಹಲ್ಲು ಒಂದೊಂದಾಗಿ ಬಿತ್ತು, ಆಮೇಲೆ ದವಡೆಯೇ ಕಿತ್ತುಬಂತು. 1922ರಲ್ಲಿ ತೀರಿಕೊಂಡಾಗ ಅವಳಿಗೆ ಇನ್ನೂ 24. ಸಾವಿನ ಪತ್ರದಲ್ಲಿ ಬರೆದದ್ದು ಸಿಫಿಲಿಸ್. ಸತ್ತ ಹುಡುಗಿಯ ನಡತೆಯ ಮೇಲೆ ಗೂಬೆ ಕೂರಿಸಿದರೆ ಕಂಪನಿಯನ್ನು ಯಾರು ಕೇಳುತ್ತಾರೆ? 1927ರಲ್ಲಿ ಗೋರಿಯಿಂದ ಹೊರತೆಗೆದು ನೋಡಿದರೆ ಮೂಳೆಗಳಲ್ಲಿ ರೇಡಿಯಂ ಇತ್ತು, ಸಿಫಿಲಿಸ್ ಇರಲಿಲ್ಲ. ಗ್ರೇಸ್ ಫ್ರೈಯರ್ ಮತ್ತು ಇನ್ನು ನಾಲ್ವರು ಕೋರ್ಟಿಗೆ ಹೋದಾಗ ಎದುರಾದದ್ದು ಎರಡು ವರ್ಷದ ಕಾಲಮಿತಿ. ರೋಗ ಕಾಣಿಸಿಕೊಳ್ಳಲು ಐದಾರು ವರ್ಷ ಬೇಕು, ದೂರು ಕೊಡಲು ಇರುವುದು ಎರಡೇ. 1928ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು.

ಈಗ ತುಮಕೂರಿಗೆ ಬನ್ನಿ. ನಮ್ಮದೂ ವಾಚಿನ ಊರು. 1978ರಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಬಂತು. 2016ರಲ್ಲಿ ಕೇಂದ್ರ ಸರ್ಕಾರ ಮುಚ್ಚುವ ತೀರ್ಮಾನ ಮಾಡಿತು. ಜಾಗ ಇಸ್ರೋಗೆ ಹೋಯಿತು. ಎಚ್‌ಎಂಟಿಯಲ್ಲಿ ಆರೆಂಜ್‌ನಂಥದ್ದು ನಡೆಯಿತೆಂದು ನಾನು ಹೇಳುತ್ತಿಲ್ಲ, ಆ ಕಾಲಕ್ಕೆ ತುಟಿಗೆ ಕುಂಚವಿಡುವ ಪದ್ಧತಿ ಎಂದೋ ಸತ್ತಿತ್ತು. ನನ್ನ ತಕರಾರು ನಮ್ಮ ಬರಹಗಾರರದ್ದು. ಆ ವಾಚಿನ ಬಗ್ಗೆ ಎಷ್ಟು ಲಲಿತ ಪ್ರಬಂಧ ಓದಿಲ್ಲ ನಾವು! ಅಪ್ಪನ ಕೈಗಡಿಯಾರ, ಮದುವೆಗೆ ಮಾವ ಕೊಟ್ಟ ವಾಚು, ಕೀ ಕೊಡುವ ಸದ್ದು. ದಿನವಿಡೀ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸಿದವರ ಕಣ್ಣು, ಕತ್ತು ಏನಾದವು ಎಂದು ಕೇಳಿದ ಒಂದು ಪ್ರಬಂಧ ನನ್ನ ಕಣ್ಣಿಗೆ ಬಿದ್ದಿಲ್ಲ.

ನಮ್ಮ ರೇಡಿಯಂ ಹೊಳೆಯುವುದಿಲ್ಲ. ಅದು ಬೂದುಬಣ್ಣದ ಕಲ್ಲುಪುಡಿ.

ನಮ್ಮಮ್ಮನ ಊರು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ನಾನು ಮಾವ ಎಂದು ಕರೆಯುತ್ತಿದ್ದವರೊಬ್ಬರು ಇಪ್ಪತ್ತು ವರ್ಷ ಕಲ್ಲು ಕೆಲಸ ಮಾಡಿದರು. ಮೊದಲು ಉಳಿ ಸುತ್ತಿಗೆ, ಆಮೇಲೆ ಕಟಿಂಗ್ ಮಿಷನ್. ಐದಾರು ಜನರ ಶೆಡ್ಡು, ಮುಖಕ್ಕೊಂದು ಟವೆಲ್ಲು. ಸಂಜೆ ಮನೆಗೆ ಬಂದರೆ ರೆಪ್ಪೆಯ ಮೇಲೂ ಹಿಟ್ಟು. ಮಕ್ಕಳಾದ ನಮಗದು ತಮಾಷೆ. ನಲವತ್ತೈದು ದಾಟುವಷ್ಟರಲ್ಲಿ ನಾಲ್ಕು ಮೆಟ್ಟಿಲು ಹತ್ತಲಾಗದೆ ಕೂರತೊಡಗಿದರು. ಟಿ.ಬಿ. ಎಂದರು, ಮಾತ್ರೆ ಕೊಟ್ಟರು. ಕಫದಲ್ಲಿ ಏನೂ ಸಿಗದಿದ್ದರೂ ಮತ್ತೆ ಟಿ.ಬಿ., ಮತ್ತೆ ಮಾತ್ರೆ. ಊರಲ್ಲಿ ಅವರ ಲೋಟ ಬೇರೆಯಾಯಿತು. ತೀರಿಕೊಂಡ ಮೇಲೂ ಕಾಗದದಲ್ಲಿ ಉಳಿದದ್ದು ಟಿ.ಬಿ. ಆರೆಂಜ್‌ನಲ್ಲಿ ಸಿಫಿಲಿಸ್ ಮಾಡಿದ ಕೆಲಸವನ್ನು ಇಲ್ಲಿ ಟಿ.ಬಿ. ಮಾಡುತ್ತದೆ. (ಸಿಲಿಕಾ ಹೊಕ್ಕ ಶ್ವಾಸಕೋಶಕ್ಕೆ ಟಿ.ಬಿ. ಬೇಗ ಅಂಟುತ್ತದೆ ಎಂಬುದೂ ನಿಜ. ಅದರಿಂದ ಮೂಲ ಕಾರಣವನ್ನು ಮರೆಯಲು ಇನ್ನೂ ಸುಲಭ.)

ಇದು ಯಾರಿಗೂ ಗೊತ್ತಿಲ್ಲದ ರೋಗವೇ? 1940ರ ದಶಕದಲ್ಲೇ ಕೋಲಾರದ ಚಿನ್ನದ ಗಣಿಯವರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಸಿಕ್ಕಿತ್ತು. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸಿಲಿಕೋಸಿಸ್ ಇತ್ತು, ರೇಡಿಯಂನಿಂದ ಬರುವ ಕಾಯಿಲೆಯೂ ಇತ್ತು. ಎರಡೂ ಒಂದೇ ಪಟ್ಟಿಯಲ್ಲಿ. ಕಾರ್ಖಾನೆಯವನಿಗೆ ಇಂಥ ಕಾಯಿಲೆಯೆಂದು ಕಂಡರೆ ವೈದ್ಯರು ಕಾರ್ಖಾನೆ ಇಲಾಖೆಗೆ ತಿಳಿಸಲೇಬೇಕು ಎನ್ನುತ್ತಿತ್ತು ಅದರ 89ನೇ ಕಲಮು. ಆದರೆ ಕಾರ್ಖಾನೆ ಅನ್ನಿಸಿಕೊಳ್ಳಲು ವಿದ್ಯುತ್ ಇದ್ದರೆ ಹತ್ತು ಜನ ಬೇಕಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಸಂಹಿತೆ ಅದನ್ನು ಇಪ್ಪತ್ತು ಮಾಡಿದೆ. ಮಾವನ ಶೆಡ್ಡು ಆಗಲೂ ಲೆಕ್ಕಕ್ಕಿರಲಿಲ್ಲ. ಈಗ ಹದಿನೈದು ಜನರ ಶೆಡ್ಡೂ ಕಾರ್ಖಾನೆಯಲ್ಲ. ರಾಜಸ್ಥಾನ ಸರ್ಕಾರ 2019ರಲ್ಲಿ ಈ ರೋಗಕ್ಕೆಂದೇ ಪ್ರತ್ಯೇಕ ನೀತಿ ತಂದು ಪರಿಹಾರ ಕೊಡುತ್ತಿದೆ. ಕಲ್ಲು ಅಲ್ಲಿಯದೂ ಕಲ್ಲೇ.

ತುಮಕೂರಿನಿಂದ ಕುಣಿಗಲ್ ದಿಕ್ಕಿಗೆ ಹೊರಟರೆ ಗೂಳೂರಿನ ಆಚೆ ಕೈದಾಳ. ಜಕಣಾಚಾರಿ ಕಲ್ಲಿನೊಳಗೆ ಕಪ್ಪೆ ಇದ್ದುದಕ್ಕೆ ಕೈ ಕತ್ತರಿಸಿಕೊಂಡ, ದೇವರು ಕೈ ತಂದ ಎಂಬ ಕಥೆ ಮಕ್ಕಳಿಗೂ ಗೊತ್ತು. ಕಲ್ಲುಕುಟಿಗನ ಕೈಗೆ ಒಂದು ಊರಿನ ಹೆಸರನ್ನೇ ಕೊಟ್ಟ ಜನ ನಾವು. ಅವನ ಎದೆಯ ಬಗ್ಗೆ ಏಕೆ ಒಂದು ಮಾತೂ ಇಲ್ಲ? ಆ ಕಥೆಯ ಕಲ್ಲಿನಲ್ಲಿ ನೀರೂ ಇತ್ತು. ಕಟಿಂಗ್ ಬ್ಲೇಡಿನ ಮೇಲೆ ಬಿಡದೆ ನೀರು ಹರಿಸಿದರೆ ದೂಳು ಬಹುಪಾಲು ಅಲ್ಲೇ ಕೂರುತ್ತದೆ. ಒಂದು ಪೈಪು, ಒಂದು ಡ್ರಮ್ಮು. ಅದಕ್ಕೂ ‘ನೀರು ಹಾಕಿದ್ರೆ ಕೆಲ್ಸ ನಿಧಾನ’ ಎನ್ನುವ ಮೇಸ್ತ್ರಿಯೇ ಎಲ್ಲ ಕಡೆ.

ಇಟಲಿಯ ವೈದ್ಯ ರಾಮಾಜ್ಜಿನಿ 1700ರಲ್ಲೇ ಬರೆದಿದ್ದ: ರೋಗಿಯನ್ನು ನೀನು ಏನು ಕೆಲಸ ಮಾಡುತ್ತೀ ಎಂದೂ ಕೇಳಬೇಕು. ಮೊನ್ನೆ ಹಬ್ಬಕ್ಕೆ ಹೋದಾಗ ಅತ್ತೆ ಹಳೇ ಕವರಿನಲ್ಲಿಟ್ಟಿದ್ದ ಮಾವನ ಚೀಟಿಗಳನ್ನೆಲ್ಲ ತೆಗೆದುಕೊಟ್ಟರು. ಒಂದೊಂದನ್ನೂ ತಿರುವಿ ನೋಡಿದೆ. ಹೆಸರಿದೆ, ವಯಸ್ಸಿದೆ, ಊರಿದೆ, ಮಾತ್ರೆಯ ಲೆಕ್ಕವಿದೆ. ಕಲ್ಲು ಎಂಬ ಪದ ಒಂದರಲ್ಲೂ ಇಲ್ಲ.

‘ಏನ್ ಕೆಲ್ಸ ಅಂತ ಯಾರೂ ಕೇಳ್ಲಿಲ್ವಾ ಅತ್ತೆ?’

‘ಬೀಡಿ ಸೇದ್ತಾರಾ ಅಂತ ಕೇಳಿದ್ರು ಕಣಪ್ಪ. ಸೇದಲ್ಲ ಅಂದ್ರೆ ನಂಬ್ಲೇ ಇಲ್ಲ.’