ಶಾಲು ಸಾಕು, ಸಂಭಾವನೆ ಕೊಡಿ

ಕಲಾವಿದರನ್ನು ಮಾತಾಡಿಸಲು ಹೋಗುವವರ ಕೈಯಲ್ಲಿರುವ ಪ್ರಶ್ನೆಗಳು ಎಷ್ಟೋ ವರ್ಷಗಳಿಂದ ಬದಲಾಗಿಲ್ಲ. ನಿಮಗೆ ಸ್ಫೂರ್ತಿ ಯಾರು? ಮೊದಲ ಸಲ ರಂಗ ಹತ್ತಿದಾಗ ಹೇಗನ್ನಿಸಿತು? ಪ್ರಶಸ್ತಿ ಬಂದ ಸುದ್ದಿ ಕೇಳಿ ಮನೆಯವರು ಏನೆಂದರು? ಯುವಜನರಿಗೆ ನಿಮ್ಮ ಸಂದೇಶವೇನು? ಎಪ್ಪತ್ತು ದಾಟಿದ ಮದ್ದಳೆಗಾರರೂ ಇಪ್ಪತ್ತೈದರ ರಂಗನಟಿಯೂ ಇವಕ್ಕೇ ಉತ್ತರ ಹೇಳಿ ಹೇಳಿ ಸೋತಿದ್ದಾರೆ. ಕಳೆದ ತಿಂಗಳು ಎಷ್ಟು ರಾತ್ರಿ ದುಡಿದಿರಿ, ಅದರಲ್ಲಿ ಕೈಗೆ ಬಂದದ್ದೆಷ್ಟು, ಮಳೆಗಾಲದಲ್ಲಿ ಒಲೆ ಹೇಗೆ ಉರಿಯಿತು ಎಂದು ಕೇಳಿದ ಸಂದರ್ಶನ ನಿಮ್ಮ ಕಣ್ಣಿಗೆ ಬಿದ್ದಿದೆಯೇ? ನನ್ನ ಕಣ್ಣಿಗಂತೂ ಬಿದ್ದದ್ದು ತೀರಾ ಅಪರೂಪ.

ಕೇಳಿದರೆ ಅವರು ಹೇಳುವುದಿಲ್ಲ ಎನ್ನಬೇಡಿ. ಕೇಳುವವರು ಸರಿಯಿದ್ದಲ್ಲಿ ಕನ್ನಡದ ಕಲಾವಿದರು ಎಲ್ಲವನ್ನೂ ಹೇಳಿದ್ದಾರೆ. ಬಿ.ವಿ. ಕಾರಂತರು ಹೇಳುತ್ತಾ ಹೋದದ್ದನ್ನು ವೈದೇಹಿ ಬರೆದುಕೊಂಡರು, ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಬಂತು. ಜೋಗತಿ ಮಂಜಮ್ಮ ಹೇಳಿದ್ದನ್ನು ಅರುಣ್ ಜೋಳದಕೂಡ್ಲಿಗಿ ಕೇಳಿಸಿಕೊಂಡರು, ‘ನಡುವೆ ಸುಳಿವ ಹೆಣ್ಣು’ ಬಂತು. ಗಂಗೂಬಾಯಿ ಹಾನಗಲ್ ತಮ್ಮ ಬದುಕನ್ನು ‘ನನ್ನ ಬದುಕಿನ ಹಾಡು’ ಎಂದು ಹೇಳಿ ಬರೆಸಿದರು. ಇವು ಮೂರೂ ಒಬ್ಬರು ಹೇಳಿ ಇನ್ನೊಬ್ಬರು ಕಿವಿಗೊಟ್ಟು ಹುಟ್ಟಿದ ಪುಸ್ತಕಗಳು.

ಗಂಗೂಬಾಯಿಯವರದ್ದನ್ನೇ ನೋಡಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಅಧ್ಯಕ್ಷರಾಗಿ ಕೂತಿದ್ದ ಸಭೆಯಲ್ಲಿ, ಈ ಪುಟ್ಟ ಹುಡುಗಿ ಸ್ವಾಗತಗೀತೆ ಹಾಡಿದಳು ಎಂಬುದನ್ನು ಪ್ರತಿ ಸನ್ಮಾನಪತ್ರವೂ ಹೆಮ್ಮೆಯಿಂದ ನಮೂದಿಸುತ್ತದೆ. ಆ ದಿನ ಆ ಹುಡುಗಿಯ ಹೊಟ್ಟೆಯೊಳಗೆ ಇದ್ದ ಅಳುಕು ಬೇರೆಯದು. ಹಾಡಿದ ಮೇಲೆ ಜಾತಿಯ ಕಾರಣಕ್ಕೆ ಎಂಜಲೆಲೆ ಎತ್ತಲು ಹೇಳಿಬಿಟ್ಟರೆ ಏನು ಮಾಡುವುದು ಎಂಬ ಅಳುಕು ಅದು. ಅದನ್ನು ಅವರೇ ಮುಂದೆ ಹೇಳಿಕೊಂಡರು. ಧಾರವಾಡದ ಬೀದಿಯಲ್ಲಿ ನಡೆದು ಹೋಗುವಾಗ ‘ಹಾಡುವವಳು’ ಎಂದು ಹಂಗಿಸುತ್ತಿದ್ದವರ ಬಗ್ಗೆ ಹೇಳಿದರು. ತಾಯಿ ಅಂಬಾಬಾಯಿ ಸ್ವತಃ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳ ಹಿಂದುಸ್ತಾನಿಗೆ ತಮ್ಮ ಹಾಡಿಕೆಯ ನೆರಳು ಬೀಳಬಾರದೆಂದು ತಾವೇ ಹಾಡುವುದನ್ನು ನಿಲ್ಲಿಸಿದವರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತು ಕಲಿತು, ತಿರುಗಿ ರೈಲು ಹತ್ತಿ ಮನೆಗೆ ಬಂದು ಮಕ್ಕಳನ್ನು ನೋಡಿಕೊಂಡ ದಿನಗಳಿದ್ದವು. ಗಂಡಸು ಹಾಡಿದರೆ ಪಂಡಿತ, ಉಸ್ತಾದ ಆಗುತ್ತಾನೆ, ಹೆಂಗಸು ಎಷ್ಟು ಹಾಡಿದರೂ ಬಾಯಿಯಾಗಿಯೇ ಉಳಿಯುತ್ತಾಳೆ ಎಂದು ನಗುತ್ತಲೇ ಚುಚ್ಚಿದ್ದೂ ಅವರೇ. ಅವರ ಕಿರಾಣಾ ಘರಾಣೆಯ ಬಗ್ಗೆ ನೂರು ಲೇಖನ ಓದಿದರೂ ಸಿಗದ ತಿಳಿವಳಿಕೆ ಈ ಮಾತುಗಳಲ್ಲಿದೆ. ಒಂದು ಕಂಠ ಸಭೆಯವರೆಗೆ ಬಂದು ತಲುಪಲು ಯಾರ್ಯಾರು ಏನೇನು ತೆತ್ತರು ಎಂಬ ಲೆಕ್ಕ ಅದು.

ಆ ಲೆಕ್ಕವನ್ನು ನಾವು ಕೇಳಿಸಿಕೊಳ್ಳುವ ರೀತಿಯ ಬಗ್ಗೆ ನನ್ನ ತಕರಾರಿದೆ. ಕಲಾವಿದರ ಬಡತನ ನಮಗೆ ಬಲು ಇಷ್ಟ. ಹಳೆಯದಾದಷ್ಟೂ ಇಷ್ಟ. ಹಸಿದು ಕಲಿತರು, ಕಂಪನಿ ನಾಟಕದ ಟ್ರಂಕಿನ ಮೇಲೆ ಮಲಗಿ ಬೆಳೆದರು, ಭಿಕ್ಷೆ ಬೇಡಿದರು ಎಂದು ಬರೆದಾಗ ನಮ್ಮ ಕಣ್ಣು ಒದ್ದೆಯಾಗುತ್ತದೆ, ಪುಟವೂ ಚಂದ ಕಾಣುತ್ತದೆ. 2021ರಲ್ಲಿ ಮಂಜಮ್ಮ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದ ದೃಶ್ಯವನ್ನು ಇಡೀ ನಾಡು ಮೊಬೈಲಿನಲ್ಲಿ ನೋಡಿತು. ಒಳ್ಳೆಯದೇ ಆಯಿತು. ಇಡ್ಲಿ ಮಾರಿ, ಬೇಡಿ, ಸಾವಿನ ಅಂಚಿಗೆ ಹೋಗಿ ಬಂದ ಜೀವವೊಂದು ಜಾನಪದ ಅಕಾಡೆಮಿಯ ಅಧ್ಯಕ್ಷಗಿರಿಗೆ ಬಂದದ್ದು ಸಣ್ಣ ಸಂಗತಿಯಲ್ಲ. ಆದರೆ ಆ ವಿಡಿಯೊ ಹಂಚಿದ ನಾವು ನಮ್ಮೂರ ಜಾತ್ರೆಗೆ ಜೋಗತಿಯರ ಮೇಳ ಕರೆಸುವಾಗ ಎಷ್ಟು ಚೌಕಾಸಿ ಮಾಡುತ್ತೇವೆ? ಚೌಡಿಕೆ ಹೊತ್ತು ಬಂದವರಿಗೆ ರಾತ್ರಿ ಮಲಗಲು ಎಲ್ಲಿ ಜಾಗ ತೋರಿಸುತ್ತೇವೆ? ಮುಗಿದುಹೋದ ಬಡತನಕ್ಕೆ ಕಣ್ಣೀರು ಹಾಕುವುದು ಸುಲಭ. ಈಗ ನಡೆಯುತ್ತಿರುವ ಬಡತನಕ್ಕೆ ಜೇಬಿಗೆ ಕೈ ಹಾಕಬೇಕಾಗುತ್ತದೆ.

ಕರಾವಳಿಯ ಯಕ್ಷಗಾನ ಮೇಳಗಳ ವರ್ಷ ಹೇಗೆ ಕಳೆಯುತ್ತದೆ ನೋಡಿ. ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿದರೆ ಮೇ ತಿಂಗಳ ಕೊನೆಯ ಪತ್ತನಾಜೆಯ ತನಕ ಹೆಚ್ಚುಕಡಿಮೆ ಪ್ರತಿ ರಾತ್ರಿ ಆಟ. ಇವತ್ತು ಒಂದೂರಿನ ಗದ್ದೆ, ನಾಳೆ ಇನ್ನೊಂದೂರಿನ ದೇವಸ್ಥಾನದ ಅಂಗಳ. ಸಂಜೆ ಚೌಕಿಯಲ್ಲಿ ಬಣ್ಣಕ್ಕೆ ಕೂತರೆ ಕಿರೀಟ, ಭುಜಕೀರ್ತಿ ಎಲ್ಲ ಕಟ್ಟಿಕೊಂಡು ಮುಗಿಸುವಷ್ಟರಲ್ಲಿ ಗಂಟೆಗಳು ಕಳೆದಿರುತ್ತವೆ. ಬೆಳಗಿನ ಜಾವ ಬಣ್ಣ ಒರೆಸಿಕೊಂಡು, ನಿದ್ದೆಗಣ್ಣಿನಲ್ಲಿ ಬೈಕು ಹತ್ತಿ ಮನೆಗೆ. ಬಡಗುತಿಟ್ಟಿನ ಭಾಗವತಿಕೆಗೆ ಹೊಸ ದನಿ ಕೊಟ್ಟ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡದ್ದು ರಸ್ತೆ ಅಪಘಾತದಲ್ಲಿ, ಮೂವತ್ತರ ಆಸುಪಾಸಿನಲ್ಲಿ. ಅವರ ನಂತರವೂ ಇಂಥ ಸುದ್ದಿಗಳು ನಿಂತಿಲ್ಲ. ಈಗ ಎಷ್ಟೋ ಮೇಳಗಳು ಕಾಲಮಿತಿಗೆ ಬಂದಿವೆ, ನಡುರಾತ್ರಿಗೆ ಮಂಗಳ ಹಾಡುತ್ತವೆ. ಪರಂಪರೆ ಹೋಯಿತು ಎಂದು ಕೊರಗುವ ಪ್ರೇಕ್ಷಕರಲ್ಲಿ ಎಷ್ಟು ಮಂದಿ ಇಡೀ ರಾತ್ರಿ ಕೂತು ನೋಡುತ್ತಿದ್ದರೋ ನಾನರಿಯೆ.

ಪತ್ತನಾಜೆ ಕಳೆದ ಮೇಲೆ ಮಳೆ. ಮಳೆಗಾಲದಲ್ಲಿ ರಾವಣನಿಗೂ ಇಲ್ಲ, ರಾಮನಿಗೂ ಇಲ್ಲ ಕೆಲಸ. ಹಿಂದಿನವರು ಮುಂಬೈಯ ಹೋಟೆಲುಗಳಿಗೆ ಹೋದರು, ಗದ್ದೆ ಕೆಲಸಕ್ಕೆ ಇಳಿದರು. ಈಗ ಭಾಗವತರು, ಚೆಂಡೆ, ಮದ್ದಳೆ, ಎರಡು ವೇಷ ಸೇರಿಸಿಕೊಂಡು ಚಿಕ್ಕಮೇಳವೆಂದು ಮನೆಮನೆಗೆ ಹೋಗಿ ನಾಲ್ಕು ಕುಣಿತ ಕುಣಿದು ಬರುತ್ತಾರೆ. ಮನೆಯಲ್ಲಿ ಕಾಯಿಲೆ ಬಿದ್ದರೆ, ಮಗಳ ಮದುವೆ ಗೊತ್ತಾದರೆ ಯಜಮಾನರಲ್ಲಿ ಮುಂದಿನ ತಿರುಗಾಟದ ಮುಂಗಡ ಕೇಳಬೇಕು. ಮುಂಗಡ ತೆಗೆದವರು ಮರುವರ್ಷ ಮೇಳ ಬಿಡುವಂತಿಲ್ಲ, ಸಂಬಳ ಹೆಚ್ಚಿಸಿ ಎನ್ನಲು ಬಾಯಿಯೂ ಬಾರದು. ಇದನ್ನು ಯಾವ ಸನ್ಮಾನಪತ್ರವೂ ಬರೆಯುವುದಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಮೇಳಗಳಿಗೆ ಇನ್ನೂ ಎರಡು ತಿಂಗಳ ತಿರುಗಾಟ ಬಾಕಿಯಿತ್ತು. ಬಯಲುಸೀಮೆಯಲ್ಲಿ ಊರಹಬ್ಬ, ರಥೋತ್ಸವಗಳ ಕಾಲ. ಡೊಳ್ಳು, ಪೂಜಾ ಕುಣಿತ, ವೀರಗಾಸೆ, ಸುಗ್ಗಿ, ಕಂಪನಿ ನಾಟಕ, ಆರ್ಕೆಸ್ಟ್ರಾ ಎಲ್ಲರೂ ವರ್ಷದ ದುಡಿಮೆ ಮಾಡಿಕೊಳ್ಳುವ ತಿಂಗಳುಗಳು ಅವು. ಎರಡನೆಯ ವರ್ಷವೂ ಅದೇ ಹೊತ್ತಿಗೆ ಬಾಗಿಲು ಮುಚ್ಚಿತು. 2021ರ ಮೇ ತಿಂಗಳಲ್ಲಿ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಪ್ರಕಟಿಸಿತು. ಅಷ್ಟಾದರೂ ಬಂತಲ್ಲ ಎಂದವರಿದ್ದರು. ಅದನ್ನು ಪಡೆಯಲು ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕಿತ್ತು, ತಾನು ಕಲಾವಿದನೆಂದು ತೋರಿಸಬೇಕಿತ್ತು. ನಲವತ್ತು ವರ್ಷ ಊರೂರಲ್ಲಿ ಕುಣಿದವರ ಬಳಿ ಒಂದು ರಸೀದಿಯೂ ಇಲ್ಲ, ಒಂದು ಒಪ್ಪಂದಪತ್ರವೂ ಇಲ್ಲ. ಸಂಬಳದ ಚೀಟಿಯ ಬದಲು ಅವರ ಗೋಡೆಯ ಮೇಲೆ ಇದ್ದದ್ದು ನಾವು ಕೊಟ್ಟ ಸ್ಮರಣಿಕೆಗಳು.

ಈ ಸ್ಮರಣಿಕೆಗಳ ಬಗ್ಗೆಯೇ ಇನ್ನೊಂದು ಮಾತು. ಯಾವುದೇ ಕನ್ನಡ ಸಂಘದ ಕಾರ್ಯಕ್ರಮದ ಖರ್ಚಿನ ಪಟ್ಟಿ ತೆಗೆಯಿರಿ. ಶಾಮಿಯಾನದವರಿಗೆ ಹಣ ಹೋಗಿದೆ. ಮೈಕಿನವರು ಮುಂಗಡವಿಲ್ಲದೆ ಬರಲೇ ಇಲ್ಲ. ಫ್ಲೆಕ್ಸು, ಹೂವು, ಊಟ, ಫೋಟೊ, ಮುಖ್ಯ ಅತಿಥಿಗಳ ಕಾರಿನ ಪೆಟ್ರೋಲು, ಎಲ್ಲಕ್ಕೂ ಬಿಲ್ಲಿದೆ. ಕೊನೆಗೆ ಯಾರನ್ನು ನೋಡಲು ಜನ ಬಂದರೋ ಆ ಹಾಡುಗಾರ್ತಿಯ ಸರದಿ ಬಂದಾಗ ಸಂಘದ ಬಳಿ ಹಣವಿಲ್ಲ. ‘ನಮ್ಮದು ಕನ್ನಡದ ಕೆಲಸ, ನೀವೂ ಸೇವೆ ಅಂತ ತಿಳ್ಕೊಳ್ಳಿ ಮೇಡಂ’ ಎನ್ನುತ್ತಾರೆ. ಮೈಕಿನವರಿಗೆ ಈ ಮಾತು ಹೇಳಿ ನೋಡಿ! ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಹೊತ್ತು ಆಕೆ ಕೊನೆಯ ಬಸ್ಸು ಹಿಡಿಯಬೇಕು, ತಬಲಾ ನುಡಿಸಿದವರಿಗೆ ತನ್ನ ಕೈಯಿಂದಲೇ ಕೊಡಬೇಕು. ಅಮೆರಿಕದ, ಕೊಲ್ಲಿಯ ಕನ್ನಡ ಕೂಟಗಳಿಗೂ ಈ ಮಾತು ಸಲ್ಲುತ್ತದೆ. ವಿಮಾನದ ಟಿಕೆಟು ಕೊಟ್ಟು ಊರು ತೋರಿಸಿದರೆ ಸಂಭಾವನೆ ತೀರಿತು ಎಂದು ತಿಳಿದಿರುವ ಕೂಟಗಳಿದ್ದರೆ, ತಮ್ಮ ಸಂಬಳವನ್ನೂ ಹಾಗೇ ಪ್ರವಾಸದ ರೂಪದಲ್ಲಿ ಪಡೆಯಲು ಅವುಗಳ ಪದಾಧಿಕಾರಿಗಳು ಒಪ್ಪುತ್ತಾರೆಯೇ?

ಕಲೆಯನ್ನು ದುಡ್ಡಿನಲ್ಲಿ ಅಳೆಯಬಾರದು ಎನ್ನುವವರೂ ಇದ್ದಾರೆ. ಗುಬ್ಬಿ ವೀರಣ್ಣನವರಿಗೆ ಹಾಗೆ ಹೇಳಿದ್ದರೆ ನಕ್ಕುಬಿಡುತ್ತಿದ್ದರು. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ ನಡೆದದ್ದು ಟಿಕೆಟ್ ಮಾರಿ. ಆ ಹಣದಲ್ಲಿ ಇಡೀ ಬಿಡಾರಕ್ಕೆ ಊಟ ಹಾಕಿತು, ರಾಜ್‌ಕುಮಾರ್ ಅವರಂಥ ನಟರನ್ನು ಬೆಳೆಸಿತು, ಕಾರಂತರೆಂಬ ಹುಡುಗನನ್ನು ಓದಲು ಬನಾರಸಿಗೆ ಕಳಿಸಿತು. ಅದೇ ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದಾಗ ನಟರಿಗೆ ತಿಂಗಳ ಸಂಬಳವಿತ್ತು. ಹಗಲೆಲ್ಲ ತಾಲೀಮು ಮಾಡಿ ಸಂಜೆ ನಾಟಕವಾಡಲು ಅವರಿಗೆ ಸಾಧ್ಯವಾದದ್ದು ತಿಂಗಳ ಕೊನೆಗೆ ಮನೆ ಬಾಡಿಗೆ ಕಟ್ಟಬಹುದು ಎಂಬ ಧೈರ್ಯದಿಂದ. ಸಂಬಳ ತೆಗೆದುಕೊಂಡರು ಎಂದು ಅವರ ಕಲೆ ಸೊರಗಲಿಲ್ಲ.

ಈಗ ಇನ್ನೊಂದು ಬಗೆಯ ಕಸುಬು ಶುರುವಾಗಿದೆ. ಆಟದ ಮುಂದಿನ ಸಾಲಿನಲ್ಲಿ ಹತ್ತು ಮೊಬೈಲು. ಭಾಗವತರ ಒಂದು ಪದ್ಯ, ಹಾಸ್ಯಗಾರರ ಒಂದು ಮಾತು ಬೆಳಗಾಗುವುದರೊಳಗೆ ಯಾರದೋ ಯೂಟ್ಯೂಬ್ ಚಾನೆಲ್ಲಿನಲ್ಲಿ ಓಡುತ್ತಿರುತ್ತದೆ. ಜಾಹೀರಾತಿನ ಹಣ ಚಾನೆಲ್ಲಿನವರಿಗೆ. ಕಲಾವಿದರಿಗೆ ‘ನಿಮಗೆ ಒಳ್ಳೆ ಪ್ರಚಾರ ಸಿಕ್ಕಿತಲ್ಲ ಸಾರ್’ ಎಂಬ ಸಮಾಧಾನ. ಒಪ್ಪಿಗೆಯಿಲ್ಲದೆ ಪ್ರದರ್ಶನವನ್ನು ಚಿತ್ರೀಕರಿಸಿ ವ್ಯಾಪಾರಕ್ಕೆ ಇಳಿಸುವುದು ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರದರ್ಶಕರ ಹಕ್ಕಿನ ಉಲ್ಲಂಘನೆ. ವಾಣಿಜ್ಯ ಬಳಕೆಯಾದರೆ ರಾಯಧನ ಸಿಗಬೇಕೆಂದು 2012ರ ತಿದ್ದುಪಡಿ ಹೇಳಿದೆ. ಕಾಯ್ದೆ ಪುಸ್ತಕದಲ್ಲಿದೆ. ಅದನ್ನು ಚೌಕಿಯವರೆಗೆ ತಂದು ಹೇಳಿದವರು ಯಾರು?

ಮನಸ್ಸಿದ್ದವರು ಮಾಡಿ ತೋರಿಸಿದ್ದೂ ಇದೆ. ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರಿಗೆ ಮನೆ ಕಟ್ಟಿಸಿಕೊಟ್ಟಿದೆ, ಕಷ್ಟಕಾಲಕ್ಕೆ ನಿಧಿ ಇಟ್ಟಿದೆ, ಬಡ ವಿದ್ಯಾರ್ಥಿಗಳ ಓದಿಗೆ ನೆರವಾಗಿದೆ. ಭಾಗವತ ಪಟ್ಲ ಸತೀಶ್ ಶೆಟ್ಟಿಯವರು ತಾವೇ ರಂಗದಲ್ಲಿರುವಾಗಲೇ ಫೌಂಡೇಶನ್ ಕಟ್ಟಿ ಸಹಕಲಾವಿದರ ಕಾಯಿಲೆಗೆ, ಮನೆಗೆ ಹಣ ಕೂಡಿಸಿದ್ದಾರೆ. ಕಲಾವಿದರೇ ಕಲಾವಿದರಿಗಾಗಿ ಜೋಳಿಗೆ ಹಿಡಿಯಬೇಕಾಯಿತು ಎಂಬುದನ್ನೂ ನಾವು ಗಮನಿಸಬೇಕು. ಸರ್ಕಾರದ ಕಡೆಯಿಂದ 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಯ ಮಸೂದೆ ವಿಧಾನಮಂಡಲದಲ್ಲಿ ಅಂಗೀಕಾರವಾಗಿದೆ. ಸಿನಿಮಾ ಟಿಕೆಟ್ಟು ಮುಂತಾದವುಗಳ ಮೇಲೆ ಶೇ. 1ರಿಂದ 2ರಷ್ಟು ಸೆಸ್ ಹಾಕಿ ಸಾಮಾಜಿಕ ಭದ್ರತೆಗೆ ನಿಧಿ ಮಾಡುವ ಯೋಚನೆ ಅದು. ಗಾಂಧಿನಗರದವರು ಅದರ ಬಗ್ಗೆ ಮಾತಾಡುತ್ತಾರೆ, ಮಾತಾಡಲಿ. ಕೊಪ್ಪಳದ ತೊಗಲುಗೊಂಬೆಯವರು, ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಥಿಯೇಟರು ಹಾಕುವ ನಾಟಕ ಕಂಪನಿಗಳ ನಟಿಯರು, ತಮಟೆಯವರು ಆ ನಿಧಿಯ ಹೊಸಿಲಾಚೆ ನಿಲ್ಲಬಾರದು. ಅವರ ಹೆಸರು ಸೇರುವಂತೆ ಕೇಳಲು ಅವರಿಗೆ ಸಂಘವಿಲ್ಲ, ವಕೀಲರಿಲ್ಲ. ಪತ್ರಿಕೆಗಳಿವೆ, ಓದುಗರಿದ್ದಾರೆ.

ಹಾಗಾಗಿ ಕೇಳುವವರಲ್ಲಿ ನನ್ನ ಕೋರಿಕೆ ಇಷ್ಟು. ಪತ್ರಿಕೆಯವರಾಗಲಿ, ಪಾಡ್‌ಕಾಸ್ಟ್ ಮಾಡುವ ಹುಡುಗ ಹುಡುಗಿಯರಾಗಲಿ, ಕಲಾವಿದರ ಮುಂದೆ ಕೂತಾಗ ದುಡಿಮೆಯ ಬಗ್ಗೆ ಕೇಳಿ. ಸಂಬಳ ಕೇಳಿ, ವಿಮೆ ಕೇಳಿ, ಬಾಡಿಗೆಗೆ ಮನೆ ಸಿಕ್ಕಿತೇ ಕೇಳಿ. ನಾಟಕದವಳೆಂದು ಮನೆ ಕೊಡಲು ಹಿಂಜರಿಯುವ ಓನರುಗಳು ಈಗಲೂ ನಮ್ಮ ನಡುವೆಯೇ ಇದ್ದಾರೆ. ಕಲಾವಿದರು ಕಲಿಸಿದ ಮಕ್ಕಳು ಈ ಕಸುಬಿಗೆ ಬಂದರೋ, ಬಾರದಿದ್ದರೆ ಏಕೆಂದು ಕೇಳಿ. ಹೆಸರು ಹಾಕಬೇಡಿ ಎಂದರೆ ಹಾಕಬೇಡಿ, ಹೇಳಿದ್ದನ್ನು ಮಾತ್ರ ಬಿಡಬೇಡಿ. ನಿಮ್ಮ ಸಂದರ್ಶನಕ್ಕೆಂದು ಅವರು ಒಂದು ದಿನದ ಕೂಲಿ ಕಳೆದುಕೊಂಡು ಬಂದಿದ್ದರೆ ಅದನ್ನೂ ತುಂಬಿಕೊಡಿ.

ಕರೆಸುವವರಲ್ಲಿ ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಬೇಕಿದೆ. ನವೆಂಬರಿಗೆ ಮತ್ತೆ ಬಾವುಟ ಹಾರುತ್ತದೆ, ಬೀದಿ ಬೀದಿಯಲ್ಲಿ ವೇದಿಕೆ ಏಳುತ್ತದೆ. ಆಮಂತ್ರಣ ಕೊಡಲು ಹೋದಾಗಲೇ ಸಂಭಾವನೆ ಎಷ್ಟೆಂದು ಕಾಗದದಲ್ಲಿ ಬರೆದುಕೊಡಿ. ಪಕ್ಕವಾದ್ಯದವರದ್ದು ಬೇರೆ, ಪ್ರಯಾಣದ ಖರ್ಚು ಬೇರೆ. ಹಣವನ್ನು ರಂಗ ಹತ್ತುವ ಮುಂಚೆಯೇ ಕೈಗೆ ಮುಟ್ಟಿಸಿ. ವಂದನಾರ್ಪಣೆ ಮುಗಿದ ಮೇಲೆ ಖಜಾಂಚಿಯನ್ನು ಹುಡುಕಿಕೊಂಡು ಅವರು ಅಲೆಯುವಂತಾಗಬಾರದು. ಬಜೆಟ್ಟು ಸಾಲದಿದ್ದರೆ ಫ್ಲೆಕ್ಸು ಕಡಿಮೆ ಮಾಡಿ, ಅತಿಥಿಗಳನ್ನು ಕಡಿಮೆ ಮಾಡಿ. ಅಷ್ಟು ಮಾಡಿಯೂ ಕೊಡಲಾಗದಿದ್ದರೆ ಆ ವರ್ಷ ಅವರನ್ನು ಕರೆಯಬೇಡಿ, ನೀವೇ ಹಾಡಿಕೊಳ್ಳಿ.